ಉಳಿದದ್ದು ಒಂದೇ ಎಳೆ: ಟಿಜೆಎ1021 ಲಿನ್ ಬೋರ್ಡು, ಒಂದು ಮಳೆಗಾಲ ಕಳೆದ ಮೇಲೆ

ನಮ್ಮ ಮನೆಯ ನೀರಿನ ಟ್ಯಾಂಕು ಸೊಪ್ಪಿನ ಬೆಟ್ಟದ ಅಂಚಿನಲ್ಲಿದೆ. ಪಂಪಿನ ಸ್ಟಾರ್ಟರ್ ಕೆಳಗೆ, ಮನೆಯ ಹಿಂದಿನ ಗೋಡೆಯ ಮೇಲೆ. ನಡುವೆ 38 ಮೀಟರ್. ಟೇಪು ಹಿಡಿದು ಅಳೆದಿದ್ದೇನೆ, ಯಾಕೆಂದರೆ ಎರಡು ಕಡೆಯವರನ್ನು ಒಂದೇ ಎಳೆಯ ಮೇಲೆ ಮಾತಾಡಿಸುವ ಈ ಬೋರ್ಡಿನ ಕತೆಯಲ್ಲಿ ಈ 38 ಬಹಳ ಮುಖ್ಯ.

ಅಪ್ಪನಿಗೆ ಈಗ 74. ದಿನಾ ಸಂಜೆ ಮೋಟರ್ ಹಾಕಿ, ಬ್ಯಾಟರಿ ಹಿಡಿದು ಬೆಟ್ಟ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಬರುತ್ತಿದ್ದರು. ಶಿರಸಿಯ ಮಳೆಗಾಲ ಗೊತ್ತಿದ್ದವರಿಗೆ ಆ ದಾರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಪಾಚಿ, ಉಂಬಳ, ಕತ್ತಲೆ. ಹೋದ ವರ್ಷ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡು ಬಂದರು. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ. ಟ್ಯಾಂಕಿನ ಲೆವೆಲ್ ಮನೆಯಲ್ಲೇ ಕಾಣಬೇಕು, ತುಂಬಿದರೆ ಮೋಟರ್ ತಾನೇ ನಿಲ್ಲಬೇಕು.

ಪೇಟೆಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಮಿಕ್ಸಿ, ಯುಪಿಎಸ್, ಟಿವಿ, ಈಗೀಗ ಇಂಡಕ್ಷನ್ ಒಲೆ ಜಾಸ್ತಿ. ಸೋಲ್ಡರಿಂಗ್ ಕೈಗೆ ಕೂತಿದೆ, ಆರ್ಡುಯಿನೋ ಪ್ರೋಗ್ರಾಂ ಸ್ವಲ್ಪ ಮಟ್ಟಿಗೆ ಬರೆಯುತ್ತೇನೆ. ಹಾಗಾಗಿ ಮೇಲೊಂದು ಆರ್ಡುಯಿನೋ ನ್ಯಾನೋ (ನಾವು ಬರೆದ ಪ್ರೋಗ್ರಾಂ ಓಡಿಸುವ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡು), ಕೆಳಗೊಂದು ನ್ಯಾನೋ ಅಂತ ಲೆಕ್ಕ ಹಾಕಿದೆ. ಮೇಲಿನದು ನೀರು ಅಳೆಯಬೇಕು, ಕೆಳಗಿನದು ತೋರಿಸಬೇಕು, ಮೋಟರ್ ನಿಲ್ಲಿಸಬೇಕು. ಕೆಲಸ ಇಷ್ಟೇ. ಕಷ್ಟ ಇದ್ದದ್ದು ಎರಡರ ನಡುವಿನ ಮಾತುಕತೆಯಲ್ಲಿ.

ಬೆಟ್ಟದ ದಾರಿಯಲ್ಲಿ ಪೈಪಿನೊಳಗೆ ಒಂದು ಕೇಬಲ್ ಮೊದಲೇ ಹೂತಿತ್ತು. ಹಿಂದೆ ಫ್ಲೋಟ್ ಸ್ವಿಚ್ಚಿಗೆ ಅಂತ ಅಪ್ಪ ಹಾಕಿಸಿದ್ದು. ಮೂರು ಎಳೆ, ಒಂದೊಂದೂ ಅರ್ಧ ಸ್ಕ್ವೇರ್ ಎಂಎಂ ತಾಮ್ರ. ಹೊಸದಾಗಿ ಅಗೆಸುವುದೆಂದರೆ ಅಡಿಕೆ ಮರದ ಬೇರು, ಕಲ್ಲು, ಮೂರು ದಿನದ ಕೂಲಿ. ಇದ್ದದ್ದರಲ್ಲೇ ಆಗಬೇಕು. ಟ್ಯಾಂಕಿನ ಹತ್ತಿರ ಕರೆಂಟಿಲ್ಲ, ಆದ್ದರಿಂದ ಒಂದು ಎಳೆ 12 ವೋಲ್ಟಿಗೆ ಹೋಯಿತು, ಇನ್ನೊಂದು ನೆಗೆಟಿವ್‌ಗೆ. ಮಾತಾಡಲಿಕ್ಕೆ ಉಳಿದದ್ದು ಒಂದೇ ಎಳೆ.

ವಯರ್‌ಲೆಸ್ ಹಾಕಬಹುದಿತ್ತಲ್ಲ ಅಂತ ಬೆಂಗಳೂರಿನಲ್ಲಿರುವ ತಮ್ಮ ಕೇಳಿದ. ಹಾಕಬಹುದು. ಆದರೆ ಮೇಲೆ ಕರೆಂಟು ಬೇಕೇ ಬೇಕು. ಸೋಲಾರ್ ಇಟ್ಟರೆ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ನಮ್ಮ ಬೆಟ್ಟದಲ್ಲಿ ಬಿಸಿಲೇ ಇಲ್ಲ. ಹೇಗೂ ಕರೆಂಟಿಗೆ ಕೇಬಲ್ ಬಳಸುತ್ತೇವಲ್ಲ, ಅದರ ಮೂರನೇ ಎಳೆ ಸುಮ್ನೆ ಬಿದ್ದಿರುವಾಗ ರೇಡಿಯೋ ಯಾಕೆ? ದೂರಕ್ಕೆ ಹೆಸರುವಾಸಿಯಾದ ಆರ್‌ಎಸ್-485 ಎಂಬ ವಯರಿನ ಪದ್ಧತಿಯನ್ನೂ ಯೋಚಿಸಿದೆ. ಅದಕ್ಕೆ ಮಾತಿಗೇ ಎರಡು ಎಳೆ ಬೇಕು. ನನ್ನ ಹತ್ತಿರ ಇಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಒಂದೇ ವಯರ್ ಅಂದರೆ ನೆಗೆಟಿವ್ ಬಿಟ್ಟು ಒಂದು. ಎರಡೂ ಕಡೆಯ ನೆಗೆಟಿವ್ ಸೇರಿರಲೇಬೇಕು, ಇಲ್ಲದಿದ್ದರೆ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಇನ್ನೊಂದು, ಟೆಂಪರೇಚರ್ ಅಳೆಯುವ ಡಿಎಸ್18ಬಿ20 ಸೆನ್ಸರಿನ ಒನ್-ವೈರ್ ಎಂಬ ಪದ್ಧತಿ ಬೇರೆ, ನಾನು ಹೇಳುತ್ತಿರುವುದು ಬೇರೆ. ನನಗೆ ಬೇಕಿದ್ದದ್ದು ಎರಡು ಮೈಕ್ರೋಕಂಟ್ರೋಲರ್ ಒಂದೇ ಎಳೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು.

ಮೊದಲು ಎಲ್ಲರೂ ಮಾಡುವ ಹಾಗೆ ಡಯೋಡಿನ ಉಪಾಯ ಮಾಡಿದೆ. ನ್ಯಾನೋದ ಕಳಿಸುವ ಪಿನ್ನಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್, ಅದರ ಪಟ್ಟಿ ಇರುವ ತುದಿ ಪಿನ್ನಿನ ಕಡೆಗೆ, ಇನ್ನೊಂದು ತುದಿ ಲೈನಿಗೆ. ಕೇಳುವ ಪಿನ್ ನೇರವಾಗಿ ಲೈನಿಗೆ. ಲೈನಿನಿಂದ 5 ವೋಲ್ಟಿಗೆ 4.7 ಕೆ (ಕಿಲೋಓಮ್) ರೆಸಿಸ್ಟರ್. ಎರಡೂ ಕಡೆ ಹೀಗೇ. ಯಾರೂ ಮಾತಾಡದಿದ್ದಾಗ ರೆಸಿಸ್ಟರ್ ಲೈನನ್ನು ಮೇಲೆ, ಅಂದರೆ 5 ವೋಲ್ಟಿನಲ್ಲಿ, ಹಿಡಿದಿರುತ್ತದೆ. ಮಾತಾಡುವವರು ಕೆಳಗೆ, ಸೊನ್ನೆಯ ಕಡೆಗೆ, ಎಳೆಯುತ್ತಾರೆ, ಬಿಡುತ್ತಾರೆ. ಇಬ್ಬರೂ ಒಟ್ಟಿಗೆ ಎಳೆದರೂ ಏನೂ ಸುಡುವುದಿಲ್ಲ. ಹತ್ತು ರೂಪಾಯಿಯೊಳಗಿನ ಖರ್ಚು. ಅಂಗಡಿಯ ಟೇಬಲ್ ಮೇಲೆ ಒಂದು ಮೀಟರ್ ವಯರ್‌ನಲ್ಲಿ ಎರಡು ದಿನ ಓಡಿಸಿದೆ, ಒಂದು ಅಕ್ಷರವೂ ತಪ್ಪಲಿಲ್ಲ.

ಬೆಟ್ಟದ ಮೇಲೆ ಕೂರಿಸಿದ ಮೇಲೆ ಕತೆ ಬೇರೆಯಾಯಿತು. ಹಗಲು ಚೆನ್ನಾಗಿಯೇ ಇರುತ್ತಿತ್ತು. ಸಂಜೆ ಮೋಟರ್ ಶುರುವಾಗುವ ಹೊತ್ತಿಗೆ ಹಾಳು ಅಂಕಿ ಬರುತ್ತಿತ್ತು. ನೀರು 40 ಪರ್ಸೆಂಟ್ ಅಂತ ಇದ್ದದ್ದು ಇದ್ದಕ್ಕಿದ್ದಂತೆ 232. ಮೋಟರಿನ ತೊಂದರೆ ಅಂತಲೇ ಅಂದುಕೊಂಡಿದ್ದೆ. ಆದರೆ ಹಗಲು ಮೋಟರ್ ಹಾಕಿದರೆ ಸರಿ ಇರುತ್ತಿತ್ತು! ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಟ್ಯಾಂಕಿನ ಹತ್ತಿರ 5 ವ್ಯಾಟಿನ ಒಂದು ಎಲ್‌ಇಡಿ ದೀಪ ಹಾಕಿದ್ದೆ, ಕತ್ತಲಾದ ಮೇಲೆ ಉರಿಯುವುದು. ಅದೂ ಅದೇ ಕೇಬಲ್ಲಿನಿಂದಲೇ ಕರೆಂಟು ತಗೊಳ್ಳುತ್ತಿತ್ತು.

ಮೇಲಿನ ನ್ಯಾನೋಗೆ, ಲೈನನ್ನು ಕೆಳಗೇ ಹಿಡಿದುಕೊಂಡಿರು ಅಂತ ಒಂದು ಪ್ರೋಗ್ರಾಂ ಹಾಕಿದೆ. ಕೆಳಗೆ ಬಂದು ಸ್ಟಾರ್ಟರ್ ಪಕ್ಕ ಮೀಟರ್ ಹಿಡಿದೆ. ದೀಪ ಆರಿದ್ದಾಗ 0.76 ವೋಲ್ಟ್. ದೀಪ ಹಾಕಿದ ಕೂಡಲೇ 1.31. ಕಾರಣ ಅಲ್ಲೇ ಕಾಣುತ್ತದೆ. ಅರ್ಧ ಸ್ಕ್ವೇರ್ ಎಂಎಂ ತಾಮ್ರದ ಎಳೆ 38 ಮೀಟರಿಗೆ ಸುಮಾರು 1.4 ಓಮ್. ದೀಪ ಮತ್ತು ಬೋರ್ಡು ಸೇರಿ ಅರ್ಧ ಆಂಪಿಯರ್ ಹತ್ತಿರ. ಹಾಗಾಗಿ ಮೇಲಿನ ನೆಗೆಟಿವ್, ಕೆಳಗಿನ ನೆಗೆಟಿವ್‌ಗಿಂತ ಅರ್ಧ ವೋಲ್ಟಿಗೂ ಹೆಚ್ಚು ಎತ್ತರಕ್ಕೆ ಏರಿ ಕೂತಿದೆ. ಅದರ ಮೇಲೆ ಡಯೋಡಿನ 0.7. ನ್ಯಾನೋದ ಎಟಿಮೆಗಾ328ಪಿ ಚಿಪ್ 5 ವೋಲ್ಟಿನಲ್ಲಿ 1.5ರ ಕೆಳಗಿದ್ದರೆ ಮಾತ್ರ ಸೊನ್ನೆ ಎಂದು ಖಾತ್ರಿ ಕೊಡುತ್ತದೆ. ಅಂದರೆ ನನಗೆ ಉಳಿದದ್ದು 0.2 ವೋಲ್ಟ್. ಮೋಟರಿನ ಒಂದು ಸಣ್ಣ ಕಿಡಿ ಸಾಕು ಅಲ್ವಾ, ಅದನ್ನು ದಾಟಿಸಲಿಕ್ಕೆ?

ದೀಪ ತೆಗೆದುಬಿಡಬಹುದಿತ್ತು. ಆದರೆ ಅಂಥ ದುರ್ಬಲ ಲೈನಿನ ಮೇಲೆ ಅಪ್ಪನ ಮೋಟರ್ ಬಿಡಲು ಮನಸ್ಸಾಗಲಿಲ್ಲ.

ನಡುವೆ ಪಿಜಾನ್ ಎಂಬ ಲೈಬ್ರರಿಯನ್ನೂ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮನ್ನೂ, ನೋಡಿದೆ. ಜೊವಾನ್ನಿ ಬ್ಲೂ ಮಿತೊಲೊ ಬರೆದ, ಎಲ್ಲರಿಗೂ ಉಚಿತವಾದ ಲೈಬ್ರರಿ. ಬೇರೆ ಚಿಪ್ಪೇ ಬೇಡ, ನ್ಯಾನೋದ ಯಾವುದೋ ಒಂದು ಪಿನ್ನಿನಿಂದ ಇನ್ನೊಂದರ ಪಿನ್ನಿಗೆ ವಯರ್ ಎಳೆದರೆ ಆಯಿತು. ವಿಳಾಸ, ತಪ್ಪು ಹಿಡಿಯುವ ಲೆಕ್ಕ, ತಲುಪಿತು ಎಂಬ ಉತ್ತರ, ಎಲ್ಲ ಅದೇ ನೋಡಿಕೊಳ್ಳುತ್ತದೆ. ಟೇಬಲ್ ಮೇಲೆ ಚೆನ್ನಾಗಿ ಓಡಿತು, ಒಂದೇ ಡಬ್ಬಿಯೊಳಗಿನ ಎರಡು ಬೋರ್ಡಿಗೆ ನಾನು ಈಗಲೂ ಅದನ್ನೇ ಹಾಕುತ್ತೇನೆ. ಆದರೆ ಸಿಗ್ನಲ್ 5 ವೋಲ್ಟಿನದೇ. ನನ್ನ ತೊಂದರೆ ಇದ್ದದ್ದು ವೋಲ್ಟಿನಲ್ಲಿ.

ಆಗ ನೆನಪಾದದ್ದು ಕಾರು. ಕಾರಿನ ಕಿಟಕಿ ಏರಿಸುವ ಮೋಟರ್, ಬದಿಯ ಕನ್ನಡಿ, ಸೀಟು, ವೈಪರ್ ಇಂಥ ಸಣ್ಣ ಸಣ್ಣ ಭಾಗಗಳು ಒಂದೇ ವಯರ್ ಮೇಲೆ ಮಾತಾಡುತ್ತವೆ. ಆ ಪದ್ಧತಿಗೆ ಲಿನ್ ಅಂತ ಹೆಸರು. 1990ರ ದಶಕದ ಕೊನೆಗೆ ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್, ವೋಲ್ವೋ ಮುಂತಾದ ಕಂಪನಿಗಳು ಸೇರಿ ರೂಪಿಸಿದ್ದು. ಕಾರಿನಲ್ಲಿ ನೆಗೆಟಿವ್ ಅಂದರೆ ಬಾಡಿಯ ತಗಡು, ಆದ್ದರಿಂದ ಒಂದು ವಯರ್ ಸಾಕು. ಬ್ಯಾಟರಿಯ 12 ವೋಲ್ಟೇ ಸಿಗ್ನಲ್ಲು. ವೇಗ 20 ಕಿಲೋಬಿಟ್ಟಿನವರೆಗೆ. ಉದ್ದ 40 ಮೀಟರಿನವರೆಗೆ. ನನ್ನದು 38! ಆ ಸಾಲು ಓದಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಹೀಗೆ ತರಿಸಿದ್ದು ಈ ಬೋರ್ಡು. ಎನ್‌ಎಕ್ಸ್‌ಪಿ ಕಂಪನಿಯ ಟಿಜೆಎ1021 ಚಿಪ್ ಕೂರಿಸಿದ, ಹೆಬ್ಬೆರಳಿನಷ್ಟು ದೊಡ್ಡ ಬೋರ್ಡು. ಎಂಟು ಕಾಲಿನ ಒಂದು ಚಿಪ್, ನಾಲ್ಕಾರು ಚಿಲ್ಲರೆ ಭಾಗ, ಒಂದು ಕಡೆ ಸ್ಕ್ರೂ ಟರ್ಮಿನಲ್, ಇನ್ನೊಂದು ಕಡೆ ಪಿನ್ನುಗಳು. ಆನ್‌ಲೈನಿನಲ್ಲಿ ಒಂದಕ್ಕೆ ಮುನ್ನೂರು ರೂಪಾಯಿಯ ಆಸುಪಾಸು ಬಿತ್ತು. ಎರಡು ತರಿಸಿದೆ. ಕೆಲಸ ಏನೆಂದರೆ, ನ್ಯಾನೋದ 5 ವೋಲ್ಟಿನ ಸೀರಿಯಲ್ ಮಾತನ್ನು ಒಂದೇ ಎಳೆಯ 12 ವೋಲ್ಟಿನ ಮಾತಾಗಿ ಮಾಡುವುದು, ತಿರುಗಿ ಬಂದದ್ದನ್ನು 5 ವೋಲ್ಟಿಗೆ ಇಳಿಸುವುದು. ಅಷ್ಟೇ. ಒಳಗೆ ಪ್ರೋಗ್ರಾಂ ಏನೂ ಇಲ್ಲ.

ಮೊದಲ ಸಂಜೆ ಏನೂ ಆಗಲಿಲ್ಲ. 12 ವೋಲ್ಟ್ ಇದೆ, ನೆಗೆಟಿವ್ ಸರಿ ಇದೆ, ಕಳಿಸುವ ಪಿನ್ನಿನಲ್ಲಿ ಸಿಗ್ನಲ್ ಇದೆ, ಲೈನ್ ಮಾತ್ರ ಕಲ್ಲಿನ ಹಾಗೆ 12ರಲ್ಲೇ ನಿಂತಿದೆ. ಚಿಪ್ ಸತ್ತೇ ಬಂದಿದೆ ಅಂತ ಇನ್ನೊಂದು ಬೋರ್ಡು ಹಾಕಿದೆ. ಅದೂ ಹಾಗೇ. ಊಟ ಮಾಡಿ ಬಂದು ಚಿಪ್ ಕಂಪನಿಯ ವಿವರ ಪತ್ರ, ಡೇಟಾಶೀಟ್ ತೆರೆದೆ. ಎಸ್‌ಎಲ್‌ಪಿ ಎಂಬ ಒಂದು ಪಿನ್ ಇದೆ, ನಿದ್ದೆಯ ಪಿನ್. ಅದನ್ನು ಮೇಲೆ ಎಳೆಯದಿದ್ದರೆ ಚಿಪ್ ಏಳುವುದೇ ಇಲ್ಲ. ಕಾರು ನಿಂತಾಗ ಬ್ಯಾಟರಿ ಖಾಲಿಯಾಗಬಾರದು ಅಂತ ಮಾಡಿದ ವ್ಯವಸ್ಥೆ. ನಾನು ಆ ಪಿನ್ನನ್ನು ಖಾಲಿ ಬಿಟ್ಟಿದ್ದೆ. ನ್ಯಾನೋದ 4ನೇ ಪಿನ್ನಿಗೆ ಸೇರಿಸಿ, ಪ್ರೋಗ್ರಾಮಿನ ಶುರುವಿನಲ್ಲೇ ಮೇಲೆ ಮಾಡಿದೆ. ಲೈನ್ ಜೀವ ಬಂದು ಕುಣಿಯತೊಡಗಿತು. ಈ ಒಂದು ಮಾತನ್ನು ಮಾರುವವರು ಒಂದು ಚೀಟಿಯಲ್ಲಿ ಬರೆದು ಹಾಕಿದ್ದರೆ ನನ್ನ ಒಂದು ಸಂಜೆ ಉಳಿಯುತ್ತಿತ್ತು. ನೀವು ತರಿಸಿದರೆ ಮೊದಲು ಆ ಪಿನ್ ನೋಡಿ.

ಎರಡನೆಯದು ರೆಸಿಸ್ಟರ್. ಲಿನ್ ಪದ್ಧತಿಯಲ್ಲಿ ಒಬ್ಬ ಪ್ರಶ್ನೆ ಕೇಳುವವ (ನನ್ನಲ್ಲಿ ಕೆಳಗಿನ ನ್ಯಾನೋ), ಉಳಿದವರು ಉತ್ತರ ಹೇಳುವವರು. ಹೇಳುವವರ ಚಿಪ್ಪಿನೊಳಗೆ ಲೈನನ್ನು ಮೇಲೆ ಹಿಡಿಯಲು 30 ಕೆ ರೆಸಿಸ್ಟರ್ ಮೊದಲೇ ಇದೆ. ಕೇಳುವವನ ಕಡೆ ಮಾತ್ರ ಹೊರಗಿನಿಂದ 1 ಕೆ ಮತ್ತು ಅದರ ಜೊತೆ ಒಂದು ಡಯೋಡ್ ಹಾಕಬೇಕು, 12 ವೋಲ್ಟಿನಿಂದ ಲೈನಿಗೆ. ನನಗೆ ಬಂದ ಬೋರ್ಡಿನಲ್ಲಿ ಅವಕ್ಕೆ ಜಾಗ ಇತ್ತು, ಭಾಗ ಇರಲಿಲ್ಲ. ನಾನು ಅದನ್ನು ಗಮನಿಸದೆ ಹಾಗೇ ಓಡಿಸಿದೆ. 2400 ವೇಗದಲ್ಲಿ, ಅಂದರೆ ಸೆಕೆಂಡಿಗೆ 2400 ಬಿಟ್, ಸರಿಯಾಗಿ ಬಂತು. 9600ಕ್ಕೆ ಏರಿಸಿದರೆ ಅರ್ಧಕ್ಕರ್ಧ ಕಸ.

ಐಟಿಐನಲ್ಲಿ ಕಲಿಸುವ ಗೆಳತಿಯೊಬ್ಬಳ ಹತ್ತಿರ, ವೋಲ್ಟಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಒಂದು ಆಸಿಲೋಸ್ಕೋಪ್ ಇದೆ. ಒಂದು ಭಾನುವಾರ ಹೊತ್ತುಕೊಂಡು ಬಂದಳು. ಪರದೆಯ ಮೇಲೆ ಲೈನ್ ನೋಡಿ ಇಬ್ಬರಿಗೂ ಒಂದೇ ಸಲ ಅರ್ಥವಾಯಿತು. ಕೆಳಗೆ ಇಳಿಯುವಾಗ ಚೂರಿಯಿಂದ ಕತ್ತರಿಸಿದ ಹಾಗೆ ನೆಟ್ಟಗೆ. ಮೇಲೆ ಏರುವಾಗ ಆನೆಯ ಬೆನ್ನಿನ ಹಾಗೆ ನಿಧಾನ, ಗುಂಡಗೆ. ತುದಿ ಮುಟ್ಟುವ ಮೊದಲೇ ಮುಂದಿನ ಬಿಟ್ ಬಂದು ಮತ್ತೆ ಕೆಳಗೆ ಎಳೆಯುತ್ತಿದೆ. ಇಷ್ಟು ಉದ್ದದ ಕೇಬಲ್ ತಾನೇ ಒಂದು ಸಣ್ಣ ಕೆಪಾಸಿಟರ್. ಮೀಟರಿಗೆ 100 ಪಿಕೋಫ್ಯಾರಡ್ ಅಂತ ಹಿಡಿದರೂ 38 ಮೀಟರಿಗೆ 3800. ಎರಡು 30 ಕೆ ಸೇರಿ 15 ಕೆ ಮೂಲಕ ಅದು ತುಂಬಬೇಕೆಂದರೆ ಐವತ್ತು ಅರವತ್ತು ಮೈಕ್ರೋಸೆಕೆಂಡ್ ಹಿಡಿಯುತ್ತದೆ. 9600ರಲ್ಲಿ ಒಂದು ಬಿಟ್ಟಿಗೆ ಇರುವುದೇ 104. ಅಲ್ಲಿಗೆ ಅರ್ಧ ಬಿಟ್ ಏರಿಕೆಯಲ್ಲೇ ಹೋಯಿತು.

ಅರ್ಧ ವ್ಯಾಟಿನ 1 ಕೆ ಮತ್ತು ಒಂದು ಡಯೋಡ್ ಅಲ್ಲೇ ಕೂರಿಸಿದೆ, ಸ್ಕೋಪ್ ಹಚ್ಚಿಟ್ಟುಕೊಂಡೇ. ಆನೆಯ ಬೆನ್ನು ಹೋಗಿ ಗೋಡೆ ಬಂತು. 9600ರಲ್ಲಿ ಒಂದೂ ತಪ್ಪಿಲ್ಲ. 19200ರಲ್ಲೂ ಓಡಿಸಿ ನೋಡಿದೆವು, ಓಡಿತು. ನನಗೆ ಅಷ್ಟು ವೇಗ ಬೇಡ, 9600ಕ್ಕೇ ಬಿಟ್ಟಿದ್ದೇನೆ. ಎರಡು ರೂಪಾಯಿಯ ಭಾಗ ಹಾಕಿದ್ದಕ್ಕೆ ಆ ವ್ಯತ್ಯಾಸ! ಗೆಳತಿ ಅದರ ಫೋಟೋ ತೆಗೆದುಕೊಂಡು ಹೋಗಿ ಕ್ಲಾಸಿನಲ್ಲಿ ತೋರಿಸಿದಳಂತೆ.

ಈಗ ಮುಖ್ಯ ಪರೀಕ್ಷೆ, ದೀಪದ್ದು. ಈ ಚಿಪ್ ತನ್ನ 12 ವೋಲ್ಟಿನ ಶೇಕಡಾ 40ರ ಕೆಳಗಿದ್ದರೆ ಸೊನ್ನೆ, 60ರ ಮೇಲಿದ್ದರೆ ಒಂದು ಎನ್ನುತ್ತದೆ. ಅಂದರೆ 4.8 ಮತ್ತು 7.2. ಹಳೆಯ ಹಾಗೆಯೇ ಮೇಲಿನ ನ್ಯಾನೋಗೆ ಲೈನನ್ನು ಕೆಳಗೇ ಹಿಡಿದಿರು ಅಂತ ಹೇಳಿ, ಕೆಳಗೆ ಮೀಟರ್ ಹಿಡಿದೆ. ಒಂದೂವರೆ ಎರಡು ವೋಲ್ಟ್ ಕಾಣಬೇಕಿತ್ತು. 11 ಚಿಲ್ಲರೆ ತೋರಿಸಿತು. ಮತ್ತೆ ಹತ್ತಿ ಹೋಗಿ ನೋಡಿದರೆ ಪ್ರೋಗ್ರಾಂ ಸರಿಯಾಗಿಯೇ ಇದೆ, ನ್ಯಾನೋದ ಪಿನ್ ಸೊನ್ನೆಯಲ್ಲೇ ಇದೆ.

ಇದೂ ಡೇಟಾಶೀಟಿನಲ್ಲಿ ಸಿಕ್ಕಿತು. ಕಳಿಸುವ ಪಿನ್ ತುಂಬ ಹೊತ್ತು ಕೆಳಗೇ ನಿಂತರೆ, ಆ ಮೈಕ್ರೋಕಂಟ್ರೋಲರ್ ಕೆಟ್ಟು ನಿಂತಿದೆ ಅಂತ ಚಿಪ್ ತಿಳಿದು ಲೈನನ್ನು ಬಿಟ್ಟುಬಿಡುತ್ತದೆ. ಒಬ್ಬ ಕೆಟ್ಟರೆ ಉಳಿದವರ ಬಾಯಿ ಕಟ್ಟಬಾರದು ಅಂತ. ನನ್ನ ಪರೀಕ್ಷೆ ಕೆಟ್ಟಿತು, ಆದರೆ ಈ ಬೋರ್ಡಿನ ಮೇಲೆ ನನಗೆ ಗೌರವ ಬಂದದ್ದು ಆವತ್ತು. ಒಂದೇ ಎಳೆಯನ್ನು ಹಲವರು ಹಂಚಿಕೊಳ್ಳುವಾಗ ಇದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ. ಡಯೋಡಿನ ಉಪಾಯದಲ್ಲಿ ಒಂದು ನ್ಯಾನೋ ಸೊನ್ನೆಯಲ್ಲಿ ಸಿಕ್ಕಿಕೊಂಡರೆ ಇಡೀ ಲೈನ್ ಸತ್ತ ಹಾಗೆ.

ಕೊನೆಗೆ ಸ್ಕೋಪಿನಲ್ಲೇ ನೋಡಿದೆವು. ದೀಪ ಉರಿಯುತ್ತಿರುವಾಗ ಕೆಳಗಿನ ತುದಿಯಲ್ಲಿ ಸೊನ್ನೆ ಸುಮಾರು 1.6 ವೋಲ್ಟಿಗೆ ಇಳಿಯುತ್ತದೆ. ಗಡಿ 4.8. ಮೊದಲು 0.2 ವೋಲ್ಟಿನ ಅಂತರ ಇದ್ದಲ್ಲಿ ಈಗ ಮೂರು ವೋಲ್ಟಿಗೂ ಹೆಚ್ಚು. ಮೋಟರ್ ಶುರು ಮಾಡಿಸಿದೆ, ನಿಲ್ಲಿಸಿದೆ, ಮತ್ತೆ ಶುರು ಮಾಡಿಸಿದೆ. ಸ್ಕೋಪಿನಲ್ಲಿ ಮುಳ್ಳು ಕಾಣುತ್ತದೆ. ಅಂಕಿ ಅಲುಗಲಿಲ್ಲ.

ಮಾತಿನ ಪದ್ಧತಿ ಬಗ್ಗೆ ಸ್ವಲ್ಪ. ಲಿನ್‌ನಲ್ಲಿ ಕೇಳುವವ ಮೊದಲು ಲೈನನ್ನು ಕನಿಷ್ಠ 13 ಬಿಟ್ಟಿನಷ್ಟು ಹೊತ್ತು ಕೆಳಗೆ ಹಿಡಿಯುತ್ತಾನೆ, ಎಲ್ಲರೂ ಕಿವಿಗೊಡಿ ಅಂದ ಹಾಗೆ. ಆಮೇಲೆ ಹೆಕ್ಸ್ 55, ಅಂದರೆ ಒಂದು ಸೊನ್ನೆ ಒಂದು ಸೊನ್ನೆ ಅಂತ ಸಾಲಾಗಿ. ಅದನ್ನು ಅಳೆದು ಹೇಳುವವರು ತಮ್ಮ ಗಡಿಯಾರ ಸರಿ ಮಾಡಿಕೊಳ್ಳಬಹುದು. ಸಮಯ ನಿಖರವಾಗಿಡುವ ಕ್ರಿಸ್ಟಲ್ ಇಲ್ಲದ ಅಗ್ಗದ ಚಿಪ್ಪಿಗೆ ಇದು ದೊಡ್ಡ ಉಪಕಾರ. ಆಮೇಲೆ ಯಾರನ್ನು ಕೇಳುತ್ತಿದ್ದೇನೆ ಎಂಬ ನಂಬರ್, 0ಯಿಂದ 63. ಆ ನಂಬರಿನವ ಒಂದರಿಂದ ಎಂಟು ಬೈಟ್ ಉತ್ತರ ಕೊಟ್ಟು, ಕೊನೆಗೆ ತಪ್ಪು ಹಿಡಿಯಲು ಕೂಡಿಸಿದ ಲೆಕ್ಕದ ಒಂದು ಬೈಟ್ ಕಳಿಸುತ್ತಾನೆ. ಕೇಳದೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಹಾಗಾಗಿ ಡಿಕ್ಕಿ ಹೊಡೆಯುವ ಪ್ರಶ್ನೆಯೇ ಇಲ್ಲ.

ಆರ್ಡುಯಿನೋದಲ್ಲಿ ಆ ಉದ್ದದ ಸೊನ್ನೆ ಮಾಡುವುದು ಹೇಗೆ ಅಂತ ಕೇಳುತ್ತೀರಿ. ವೇಗವನ್ನು 4800ಕ್ಕೆ ಇಳಿಸಿ ಒಂದು ಸೊನ್ನೆ ಬೈಟ್ ಕಳಿಸಿ, ಅದು ಪೂರ್ತಿ ಹೋಗುವವರೆಗೆ ಕಾದು, ಮತ್ತೆ 9600ಕ್ಕೆ ಏರಿಸಿ. ಅರ್ಧ ವೇಗದ 9 ಬಿಟ್ ಎಂದರೆ ಪೂರ್ತಿ ವೇಗದ 18 ಬಿಟ್. ಕೆಲಸ ಮುಗಿಯಿತು. ಟ್ಯಾಂಕಿನಿಂದ ನನಗೆ ಎರಡೇ ಬೈಟ್ ಬೇಕು, ನೀರಿನ ಎತ್ತರ ಮತ್ತು ಸೆನ್ಸರ್ ಸರಿ ಇದೆಯೋ ಎಂಬುದು. ಒಂದು ಪ್ರಶ್ನೆ, ಒಂದು ಉತ್ತರ ಹತ್ತು ಮಿಲಿಸೆಕೆಂಡಿನ ಒಳಗೆ ಮುಗಿಯುತ್ತದೆ. ಸೆಕೆಂಡಿಗೆ ಒಂದು ಸಲ ಕೇಳಿದರೆ ಬೇಕಾದಷ್ಟಾಯಿತು.

ಒಂದೇ ಎಳೆಯಾದ್ದರಿಂದ ನಾವು ಆಡಿದ ಮಾತು ನಮ್ಮ ಕಿವಿಗೂ ಬೀಳುತ್ತದೆ. ಕಳಿಸಿದ ಪ್ರತಿ ಬೈಟೂ ಕೇಳುವ ಪಿನ್ನಿಗೆ ವಾಪಸ್ ಬರುತ್ತದೆ. ಹೊಸಬರಿಗೆ ಇದು ತಲೆನೋವು, ತಮ್ಮದೇ ಮಾತನ್ನು ಉತ್ತರ ಅಂದುಕೊಳ್ಳುತ್ತಾರೆ. ನಾನು ಅದನ್ನು ಕೆಲಸಕ್ಕೆ ಹಚ್ಚಿದ್ದೇನೆ. ಕಳಿಸಿದ್ದೂ ಕೇಳಿದ್ದೂ ಒಂದೇ ಆಗಿದ್ದರೆ ಲೈನ್ ಚೆನ್ನಾಗಿದೆ. ನನ್ನ ಮಾತೇ ನನಗೆ ಕೇಳದಿದ್ದರೆ ಎಲ್ಲೋ ಶಾರ್ಟ್ ಆಗಿದೆ. ನನ್ನದು ಕೇಳಿ ಅವನದು ಕೇಳದಿದ್ದರೆ ಕೇಬಲ್ ಕತ್ತರಿಸಿದೆ ಅಥವಾ ಮೇಲಿನವ ಸತ್ತಿದ್ದಾನೆ. ಜಗಲಿಯ ಡಿಸ್‌ಪ್ಲೇ ಮೇಲೆ ಈ ಎರಡು ಬೇರೆ ಬೇರೆ ಸಂದೇಶವಾಗಿ ಬರುತ್ತವೆ. ಐದು ಸಲ ಸತತವಾಗಿ ಉತ್ತರ ಬರದಿದ್ದರೆ ಮೋಟರ್ ನಿಲ್ಲುತ್ತದೆ. ಅದರ ಬಗ್ಗೆ ನಾನು ರಾಜಿ ಮಾಡಿಕೊಂಡಿಲ್ಲ.

ಜೂನ್ ಎರಡನೇ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಓಡಿದೆ. ದಿನಕ್ಕೆ 86,400 ಪ್ರಶ್ನೆ. ತಪ್ಪಿದ ಉತ್ತರಗಳ ಲೆಕ್ಕವನ್ನು ಡಿಸ್‌ಪ್ಲೇಯ ಮೂಲೆಯಲ್ಲಿ ತೋರಿಸುತ್ತೇನೆ. ಹೆಚ್ಚಿನ ದಿನ ಸೊನ್ನೆ. ಕೆಲವು ದಿನ ಎರಡೋ ಮೂರೋ. ಹಳೇ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಯಿಂದ ಓಡಿಸುವುದರಿಂದ ಕರೆಂಟು ಹೋದರೂ ಮಾತು ನಿಲ್ಲುವುದಿಲ್ಲ. ಚಾರ್ಜಾಗುವಾಗ 13.8 ವೋಲ್ಟ್, ಇಳಿದಾಗ 11. ಕಾರಿಗೆ ಮಾಡಿದ ಚಿಪ್ಪಿಗೆ ಇದು ಲೆಕ್ಕಕ್ಕೇ ಇಲ್ಲ.

ಒಂದು ಬೋರ್ಡು ಮಾತ್ರ ಹೋಯಿತು. ಮಳೆ ಹಿಡಿಯುವ ಮೊದಲು, ಪರೀಕ್ಷೆ ಮಾಡುತ್ತಿದ್ದ ದಿನಗಳಲ್ಲೇ, ಒಂದು ಸಂಜೆ ತೋಟದಾಚೆ ಸಿಡಿಲು ಬಡಿಯಿತು. ನಮ್ಮಲ್ಲಿ ಮೇ ತಿಂಗಳ ಸಿಡಿಲು ಕೆಟ್ಟದ್ದು. ಮೇಲಿನ ಬೋರ್ಡಿನ ಚಿಪ್ಪಿನ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ತೂತು. ಪಕ್ಕದ ನ್ಯಾನೋಗೆ ಏನೂ ಆಗಿರಲಿಲ್ಲ, ಚಿಪ್ ತಾನು ಸತ್ತು ಅದನ್ನು ಉಳಿಸಿತ್ತು. ಈ ಚಿಪ್ಪಿನ ಲೈನ್ ಪಿನ್ 40 ವೋಲ್ಟಿನವರೆಗೆ ತಡೆಯುತ್ತದೆ, ಸಿಡಿಲು ಅಷ್ಟಕ್ಕೆ ಕೇಳುತ್ತದೆಯೇ? ಈಗ ಎರಡೂ ತುದಿಯಲ್ಲಿ ಲೈನಿಗೂ ನೆಗೆಟಿವ್‌ಗೂ ನಡುವೆ ಏಕಾಏಕಿ ಏರಿದ ವೋಲ್ಟನ್ನು ತಡೆಯುವ 24 ವೋಲ್ಟಿನ ಟಿವಿಎಸ್ ಡಯೋಡ್ ಹಾಕಿದ್ದೇನೆ, 12 ವೋಲ್ಟಿನ ಎಳೆಗೂ ಒಂದೊಂದು. ಆಮೇಲೆ ಸಾಕಷ್ಟು ಗುಡುಗಿದೆ, ಏನೂ ಹೋಗಿಲ್ಲ. ನೇರ ಬಡಿದರೆ ಯಾವುದೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಬೇಸರದ ವಿಷಯಗಳೂ ಇವೆ. ಮಾರುವವರು ಹೆಸರಿನಲ್ಲಿ ಲಿನ್ ಜೊತೆಗೆ ಕ್ಯಾನ್ ಅಂತಲೂ ಸೇರಿಸಿ ಬರೆಯುತ್ತಾರೆ. ಕ್ಯಾನ್ ಕಾರಿನದೇ ಇನ್ನೊಂದು ಪದ್ಧತಿ, ಅದಕ್ಕೆ ಎರಡು ಎಳೆ ಬೇಕು, ಈ ಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ನಂಬಿ ತರಿಸಿದವರು ಮೋಸ ಹೋಗುತ್ತಾರೆ. ಬೋರ್ಡಿನ ಜೊತೆ ಒಂದು ಕಾಗದವೂ ಬರುವುದಿಲ್ಲ. ಚಿಪ್ಪಿನ ಕೇಳಿಸುವ ಪಿನ್ ಕೆಳಗೆ ಎಳೆಯಲು ಮಾತ್ರ ಬಲ್ಲದು, ಮೇಲೆ ಹಿಡಿಯಲು ರೆಸಿಸ್ಟರ್ ಬೇಕು. ನನ್ನ ಬೋರ್ಡಿನಲ್ಲಿ ಅದೂ ಇರಲಿಲ್ಲ, 5 ವೋಲ್ಟಿಗೆ 10 ಕೆ ಹಾಕಿದೆ. ಇದರಿಂದ ಒಂದು ಲಾಭ ಇದೆ, ನ್ಯಾನೋ ಬದಲು 3.3 ವೋಲ್ಟಿನ ಇಎಸ್‌ಪಿ32 ಬೋರ್ಡು ಇದ್ದವರು ಆ ರೆಸಿಸ್ಟರನ್ನು 3.3ಕ್ಕೆ ಕೊಟ್ಟರೆ ಆಯಿತು. ಬೋರ್ಡಿನಲ್ಲಿ ಮೊದಲೇ ಹಾಕಿದ್ದರೆ ಯಾವುದಕ್ಕೆ ಹೋಗಿದೆ ನೋಡಿಕೊಳ್ಳಿ. ನ್ಯಾನೋಗೆ ಪ್ರೋಗ್ರಾಂ ಹಾಕುವಾಗ 0 ಮತ್ತು 1ನೇ ಪಿನ್ನಿನ ವಯರ್ ಬಿಚ್ಚಿಡಿ, ಯುಎಸ್‌ಬಿಯೂ ಅದೇ ಎರಡು ಪಿನ್ ಬಳಸುತ್ತದೆ. ಬೆಟ್ಟದ ಮೇಲೆ ಮಳೆಯಲ್ಲಿ ಕೊಡೆ ಹಿಡಿದು ಅದನ್ನು ಬಿಚ್ಚುವುದು ಸುಲಭವಲ್ಲ, ಒಂದು ಚಿಕ್ಕ ಸ್ವಿಚ್ ಹಾಕಿಕೊಂಡರೆ ಒಳ್ಳೆಯದು.

40 ಮೀಟರ್ ದಾಟುವವರಿಗೆ, ಅಥವಾ ಫೋಟೋ ಗೀಟೋ ಕಳಿಸಬೇಕಾದವರಿಗೆ ಇದು ಅಲ್ಲ. ಅಂಥವರು ನಾಲ್ಕು ಎಳೆಯ ಕೇಬಲ್ ಹಾಕಿ ಆರ್‌ಎಸ್-485 ಮಾಡಿಕೊಳ್ಳಿ. ಆದರೆ ಟ್ಯಾಂಕು, ಗೇಟು, ಕೊಟ್ಟಿಗೆ, ಗೊಬ್ಬರ ಗ್ಯಾಸಿನ ಗುಂಡಿ ಅಂತ ಮನೆಯ ಸುತ್ತ ಇರುವ ಸಣ್ಣ ಕೆಲಸಕ್ಕೆ, ಹಳೇ ಕೇಬಲ್ಲಿನಲ್ಲಿ ಒಂದು ಎಳೆ ಉಳಿದಿದ್ದರೆ, ಆರುನೂರು ರೂಪಾಯಿಗೆ ಇಷ್ಟು ಗಟ್ಟಿಯಾದದ್ದು ನನಗೆ ಬೇರೆ ಸಿಕ್ಕಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಬಾರದ ಕಾಗದಕ್ಕೆ.

ಅಪ್ಪ ಮೊದಲ ವಾರ ಡಿಸ್‌ಪ್ಲೇ ನಂಬಲಿಲ್ಲ. ಅಂಕಿ ನೋಡಿಕೊಂಡೇ ಬೆಟ್ಟ ಹತ್ತಿ, ಟ್ಯಾಂಕಿಗೆ ಕೋಲು ಇಳಿಸಿ ಅಳೆದು ಬರುತ್ತಿದ್ದರು. ಎರಡು ಇಂಚು ವ್ಯತ್ಯಾಸ ಇದೆ ಅಂದರು. ಸೆನ್ಸರನ್ನು ಮುಚ್ಚಳಕ್ಕೆ ಓರೆಯಾಗಿ ಕೂರಿಸಿದ್ದೆ, ಸರಿ ಮಾಡಿದೆ. ಈಗ ಅಡುಗೆಮನೆಯಿಂದಲೇ ಕೂಗುತ್ತಾರೆ, “ಟ್ಯಾಂಕಲ್ಲಿ ನೀರು ಎಷ್ಟಿದ್ದು ಕೂಸೇ?” ನಾನು ಜಗಲಿಯಿಂದ ಓದಿ ಹೇಳುತ್ತೇನೆ.

ತರಿಸುವವರು ಎರಡು ತರಿಸಬೇಡಿ, ಮೂರು ತರಿಸಿ. ಒಂದು ಸಿಡಿಲಿಗೆ ಅಂತ ಇರಲಿ. ನನ್ನ ಮೂರನೆಯದು ಸದ್ಯ ಡಬ್ಬಿಯಲ್ಲಿದೆ, ಮುಂದಿನ ಮೇ ತಿಂಗಳವರೆಗೆ ಬೇಕಾಗದಿದ್ದರೆ ಅದನ್ನು ಇದೇ ಎಳೆಗೆ ಸೇರಿಸಿ, ದಾರಿಯ ಮಧ್ಯೆ ಇರುವ ಕೊಟ್ಟಿಗೆಯ ತೊಟ್ಟಿಯ ನೀರನ್ನೂ ಕೇಳಬೇಕು ಅಂತಿದ್ದೇನೆ. ಅದಕ್ಕೆ 2ನೇ ನಂಬರ್ ಕೊಟ್ಟು ಪ್ರೋಗ್ರಾಂ ಬರೆದಿಟ್ಟಿದ್ದೇನೆ.